ನನ್ನ ಸಂಶೋಧನೆಗೆ ಸಿಕ್ಕ ಟಗರು

ಗಣಿತದ ಮೇಷ್ಟ್ರಿಗೆ ಊರ ಉಸಾಬರಿ ಯಾಕೆ ಎಂದು ಕೇಳದವರು ಶಿಕಾರಿಪುರದಲ್ಲಿ ಯಾರೂ ಉಳಿದಿರಲಿಲ್ಲ. ಕೇಳಿದವರಲ್ಲಿ ಮೊದಲಿಗಳು ನನ್ನ ಅರ್ಧಾಂಗಿ ಗುತ್ಯಮ್ಮ. (ಅರ್ಧ ಎಂಬುದು ವಾಡಿಕೆಯ ಮಾತು. ಗಣಿತದ ಪ್ರಕಾರ ನಮ್ಮ ಮನೆಯಲ್ಲಿ ಅವಳ ಪಾಲು ಮುಕ್ಕಾಲಿಗೂ ಹೆಚ್ಚು.)

ಎಪ್ಪತ್ತೆಂಟನೇ ಇಸವಿಯಲ್ಲಿ ನನಗೆ ಪಿಎಚ್.ಡಿ. ಹುಚ್ಚು ಹಿಡಿಯಿತು. ಸುದ್ದಿಯೊಂದು ಒಬ್ಬರ ಬಾಯಿಂದ ಹೊರಟು ಊರೂರು ಹೇಗೆ ಹಬ್ಬುತ್ತದೆ ಎಂಬುದನ್ನು ಸಮೀಕರಣದಲ್ಲಿ ಹಿಡಿದು ಸಮಾಜಶಾಸ್ತ್ರಕ್ಕೆ ಮಹೋಪಕಾರ ಮಾಡುವುದು ನನ್ನ ಉದ್ದೇಶ. ಅದಕ್ಕೆ ಕಾಲೇಜಿನಿಂದ ಎರಡು ವರ್ಷ ರಜೆ ಬೇಕು. ರಜೆಯಲ್ಲಿ ಮನೆಯ ಒಲೆ ಉರಿಯಲು ಸಂಶೋಧನಾ ವೇತನ ಬೇಕು. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಬುಧವಾರ ಶಿವಮೊಗ್ಗದಲ್ಲಿ ಸಂದರ್ಶನ, ಬರುವಾಗ ಒಂದು ಪ್ರಯೋಗ ಮಾಡಿಕೊಂಡು ಬನ್ನಿ ಎಂದರು.

ಪ್ರಯೋಗ ಎಂದರೆ ಊರಿಗೊಂದು ಸುದ್ದಿ ಬಿಡಬೇಕು. ಯಾವುದು? ಗುತ್ಯಮ್ಮನನ್ನೇ ಕೇಳಿದೆ.

"ಅಂಜನಾಪುರದ ಅಣೆಕಟ್ಟು ಬಿರುಕು ಬಿಟ್ಟಿದೆ ಅಂದ್ರೆ?"

"ಜನ ಮಕ್ಕಳುಮರಿ ಕಟ್ಟಿಕೊಂಡು ಗುಡ್ಡ ಹತ್ತಿದ್ರೆ ಬುತ್ತಿ ನೀವು ಒಯ್ದು ಕೊಡ್ತೀರೇನ್ರಿ?"

"ಹೋಗಲಿ, ಬಳ್ಳಿಗಾವಿ ಗುಡಿ ಹತ್ರ ನಿಧಿ ಸಿಕ್ತು ಅಂದ್ರೆ?"

"ಗುಡಿ ಬುಡಾನೇ ಅಗೀತಾರೆ. ಬೇರೆಯವರ ತಂಟೆ ಬ್ಯಾಡ. ಬಿಡೋದಿದ್ರೆ ನಿಮ್ಮ ಸುದ್ದಿ ನೀವೇ ಬಿಡ್ರಿ."

ಆಹಾ, ಎಂಥ ನಿರುಪದ್ರವಿ ಉಪಾಯ! ಭಾನುವಾರ ಪೇಟೆಗೆ ಹೋಗಿ ದರ್ಜಿ ನಜೀರ್ ಸಾಬರ ಕಿವಿಯಲ್ಲಿ ಉಸುರಿದೆ.

"ಸಾಬರೇ, ಯಾರಿಗೂ ಹೇಳಬೇಡಿ. ಡಾಕ್ಟರ್ ಪದವಿ ಮಾಡೋಕೆ ದೆಹಲಿಯಿಂದ ನನಗೆ ವೇತನ ಮಂಜೂರಾಗಿದೆ."

"ನನ್ನ ಬಾಯಿಗೆ ನಾನೇ ಹೊಲಿಗೆ ಹಾಕ್ಕೊಂಡೆ ಅಂತ ತಿಳೀರಿ, ಮೇಷ್ಟ್ರೇ."

(ಅದು ಕಚ್ಚಾ ಹೊಲಿಗೆ ಎಂದು ಆಮೇಲೆ ತಿಳಿಯಿತು.)

ನನ್ನ ಸಮೀಕರಣದ ಪ್ರಕಾರ ಈ ಸುದ್ದಿ ಶುಕ್ರವಾರಕ್ಕೆ ಸೊರಬ ಮುಟ್ಟಬೇಕು. ಮಂಗಳವಾರ ಬೆಳಿಗ್ಗೆಯೇ ಸೊರಬದ ಬಸ್ಸಿನಿಂದ ಗುತ್ಯಮ್ಮನ ಅಪ್ಪ ಚಿಕ್ಕಬೀರಪ್ಪನವರು ಇಳಿದರು. ಅವರ ಹಿಂದೆಯೇ ಬಸ್ಸಿನ ಟಾಪಿನಿಂದ ಒಂದು ಟಗರನ್ನೂ ಇಳಿಸಿದರು.

"ಅಳಿಯಂದ್ರು ಡಾಕ್ಟ್ರಾಗ್ತಾರಂತೆ! ಕುರಿ ಕಾಯೋ ನಮ್ಮ ಮನೆತನದಲ್ಲಿ ಹೀಂಗೆ ಯಾರಾಗಿದ್ರು? ನಾಳೆ ಬೀದಿಗೆಲ್ಲ ನಂದೇ ಊಟ."

ಮಾವನವರ ಕಣ್ಣು ಒದ್ದೆಯಾಗಿತ್ತು. ಗುತ್ಯಮ್ಮ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

"ಅಪ್ಪಂಗೆ ನಿಜ ಹೇಳ್ರಿ."

"ಈಗ ಹೇಳಿದ್ರೆ ಪ್ರಯೋಗ ಕೆಡುತ್ತೆ ಕಣೇ. ನಾಳೆ ವೇತನ ಸಿಕ್ಕೇ ಸಿಗುತ್ತೆ. ಆಗ ಸುಳ್ಳು ತಾನಾಗೇ ನಿಜ ಆಗುತ್ತೆ."

"ಈ ಲೆಕ್ಕಾನ ಆ ಟಗರಿಗೆ ಹೇಳ್ರಿ."

ಬುಧವಾರ ಶಿವಮೊಗ್ಗದಲ್ಲಿ ನಾನು ಒಳಗೆ ಕಾಲಿಟ್ಟೊಡನೆ ಪ್ರೊಫೆಸರರು ಎದ್ದು ಬಂದು ಕೈ ಕುಲುಕಿದರು.

"ಅಭಿನಂದನೆಗಳು! ದೆಹಲಿ ವೇತನ ಬಂತಂತಲ್ಲ. ನಮ್ಮ ಗುಮಾಸ್ತರು ನಿಮ್ಮೂರ ಪಕ್ಕದ ಈಸೂರಿನವರು, ನಿನ್ನೆಯೇ ಸುದ್ದಿ ತಂದರು. ಒಬ್ಬರಿಗೆ ಎರಡೆರಡು ಯಾಕೆ ಅಂತ ನಮ್ಮದನ್ನ ಬೆಳಿಗ್ಗೆ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆವು."

"ಸರ್, ಅದು ಸುಳ್ಳು! ನಾನೇ ಹಬ್ಬಿಸಿದ್ದು. ಅದೇ ನನ್ನ ಪ್ರಯೋಗ!"

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಪ್ರಯೋಗ ಅಮೋಘವಾಗಿ ಗೆದ್ದಿದೆ ಕಣ್ರೀ. ಮುಂದಿನ ವರ್ಷ ಅರ್ಜಿ ಹಾಕಿ."

ಸಂಜೆ ನಮ್ಮ ಬೀದಿಗೆ ತಿರುಗುವ ಮೊದಲೇ ಮಸಾಲೆಯ ಘಮ ಎದುರುಗೊಂಡಿತು. ಮನೆ ಮುಂದೆ ಚಪ್ಪರ. ನಜೀರ್ ಸಾಬರು ತೋಳು ಮಡಚಿ ದೊಡ್ಡ ಹಂಡೆಯ ಉಸ್ತುವಾರಿಯಲ್ಲಿದ್ದರು. ಬೀದಿಯವರೆಲ್ಲ ಎಲೆ ಮುಂದೆ ಕೂತಾಗಿತ್ತು. ಇನ್ನು ತಡೆಯಲಾಗದೆ ಜಗಲಿ ಹತ್ತಿ ಕೂಗಿದೆ.

"ನನಗೆ ಯಾವ ವೇತನವೂ ಬಂದಿಲ್ಲ! ಎಲ್ಲ ಸುಳ್ಳು!"

ನಜೀರ್ ಸಾಬರು ಸೌಟು ಎತ್ತಿ ಸಾರಿದರು: "ನೋಡ್ರಿ, ಎಂಥ ಸಂಕೋಚದ ಮನುಷ್ಯ! ದೊಡ್ಡವರು ಅಂದ್ರೆ ಹೀಗಿರಬೇಕು."

ಚಪ್ಪಾಳೆ ಬಿತ್ತು. ಮಾವನವರು ಹೊಸ ಕಂಬಳಿ ತಂದು ನನ್ನ ಹೆಗಲಿಗೆ ಹೊದಿಸಿದರು. ಗುತ್ಯಮ್ಮ ಸಾರಿನ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು ಪಿಸುಗುಟ್ಟಿದಳು.

"ನಿಜ ಹೇಳೋದಿದ್ರೆ ಬಡಿಸ್ತಾ ಹೇಳ್ರಿ. ಸಾರು ಆರ್ತದೆ."

ಹಾಗೇ ಮಾಡಿದೆ. ಎಲೆಯಿಂದ ಎಲೆಗೆ ಬಗ್ಗಿ ಸತ್ಯ ಹೇಳಿದೆ. ಎಲ್ಲರೂ ತಲೆದೂಗಿ ಇನ್ನೊಂದು ತುಂಡು ಹಾಕಿಸಿಕೊಂಡರು. ಪಂಕ್ತಿಯ ಕೊನೆಯಲ್ಲಿದ್ದ ಅಜ್ಜ ಮಾತ್ರ ಬಲಗೈ ಎಲೆಯಲ್ಲೇ ಇಟ್ಟು, ಎಡಗೈಯನ್ನು ನನ್ನ ಮುಂದೆ ಚಾಚಿದ.

"ಹಂಗೇ ಒಂಚೂರು ನಾಡಿ ನೋಡ್ರಿ, ಡಾಕ್ಟ್ರೇ."