ಮಾವನ ವಿಡಿಯೊ ತೆವಳಿದ ವಾರ

ಅವಸರ ಇದ್ದಾಗಲೇ ನಮ್ಮ ಮನೆಯ ಯಂತ್ರಗಳು ಕೈಕೊಡುತ್ತವೆ. ಮಿಕ್ಸರ್ ಕೆಟ್ಟರೆ ಚಟ್ನಿ ಇಲ್ಲದೆ ಉಣ್ಣಬಹುದು. ಈ ಸಲ ಕೈಕೊಟ್ಟದ್ದು, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನಾನೇ ಕಟ್ಟಿದ ಸರ್ವರ್. ಮನೆಯವರ ಫೋಟೊ, ವಿಡಿಯೊ ಎಲ್ಲ ಅದರೊಳಗೇ. ತೀರಿಕೊಂಡ ಮಾವ ಮಾತಾಡುವ ಒಂದೇ ಒಂದು ವಿಡಿಯೊ ಕೂಡ ಅಲ್ಲೇ. ಅದನ್ನು ತೆಗೆದ ಫೋನು ಎಂದೋ ದೋಣಿಯಿಂದ ಸಮುದ್ರಕ್ಕೆ ಬಿದ್ದಿತ್ತು. ಇನ್ನೊಂದು ಪ್ರತಿ ಇರಲಿಲ್ಲ. ಭಾನುವಾರ ಮಾವನ ವರ್ಷಾಂತ, ಮೊದಲ ವರ್ಷದ ತಿಥಿ. ಅದಕ್ಕೆ ಮೊದಲು ಗಂಡನ ದನಿ ಒಮ್ಮೆ ಕೇಳಬೇಕು ಎಂದು ಅತ್ತೆಯ ಆಸೆ. ತಮ್ಮ ಊರು ಕೇಣಿಯಿಂದ ಅವರು ಕಾರವಾರದ ನಮ್ಮ ಮನೆಗೆ ಬಂದು ತಿಂಗಳಾಗಿತ್ತು.

೧. ಚೀಲ

ಸರ್ವರ್ ಇರುವುದು ಕೆಳಗಿನ ಕೋಣೆಯಲ್ಲಿ, ಟೀವಿಗೆ ಜೋಡಿಸಿದ ಕಂಪ್ಯೂಟರ್ ಮಹಡಿಯಲ್ಲಿ. ನಡುವೆ ಒಂದು ನೆಟ್‌ವರ್ಕ್ ತಂತಿ. ಮಂಗಳವಾರ ವಿಡಿಯೊವನ್ನು ಮೇಲಕ್ಕೆ ಕಾಪಿ ಮಾಡಲು ಹಾಕಿದೆ. ಎರಡು ನಿಮಿಷದ ಕೆಲಸ. ಪರದೆ ಐದು ಗಂಟೆ ಎಂದಿತು. ಸ್ವಲ್ಪ ಹೊತ್ತಿಗೆ ಏಳು ಗಂಟೆ ಎಂದಿತು. ಆಮೇಲೆ ನಿಂತೇಹೋಯಿತು.

ಡಿಸ್ಕ್ ಸಾಯುವ ಮೊದಲು ಹೀಗಾಗುತ್ತದೆ ಎಂದು ಎಲ್ಲೋ ಓದಿದ್ದೆ.

"ಎಂತಾ ಆಯ್ತು?" ಅತ್ತೆ ಕೇಳಿದರು.

"ಕೆಳಗಿಂದ ಮೇಲೆ ಬರ್ತಾ ಇದೆ. ತಡ ಆಗ್ತದೆ."

"ಅಷ್ಟು ಭಾರ ಇದ್ರೆ ಒಂದು ಚೀಲಕ್ಕೆ ಹಾಕಿ ಕೊಡಿ. ಮೆಟ್ಟಿಲು ಹತ್ತಿ ನಾನೇ ತರ್ತೆ."

ಅವರು ಹೇಳಿದ ಚೀಲಕ್ಕೆ ಪೆನ್ ಡ್ರೈವ್ ಎಂದು ಹೆಸರು. ಹೆದರಿ ಕೂತ ನನಗೆ ಅದು ಆ ವಾರವಿಡೀ ಹೊಳೆಯಲೇ ಇಲ್ಲ.

೨. ಒಳಗೇ ಇದೆ

ಬುಧವಾರ, ವೇಗ ಹೆಚ್ಚಿಸಲು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದ ಸಾಲುಗಳನ್ನು ತಂದು ಸರ್ವರ್ ಸೆಟ್ಟಿಂಗಿಗೆ ಅಂಟಿಸಿದೆ. ಮರುಕ್ಷಣ ಮೇಲಿನ ಕಂಪ್ಯೂಟರಿನಲ್ಲಿ ಫೋಲ್ಡರುಗಳೇ ಇಲ್ಲ. ಅಷ್ಟರಲ್ಲಿ ಹೆಂಡತಿ ಚಹಾ ತಂದಳು.

"ಅಪ್ಪನ ವಿಡಿಯೊ ಎಲ್ಲಿ?"

"ಒಳಗೇ ಇದೆ."

"ಒಳಗೆ ಅಂದ್ರೆ?"

"ಒಳಗೆ."

ಅಂಟಿಸಿದ ಸಾಲುಗಳನ್ನು ಮತ್ತೆ ಓದಿದೆ. ನಾನು ಒಂದು ಕಡೆ ಬ್ರಾಕೆಟ್ ಮುಚ್ಚಿರಲಿಲ್ಲ. ಮುಚ್ಚಿದೆ, ಫೋಲ್ಡರುಗಳು ಮರಳಿದವು, ವೇಗ ಮಾತ್ರ ಮೊದಲಿನಷ್ಟೇ.

"ಸಿಕ್ತು," ಎಂದೆ.

"ಕಳೆದಿತ್ತಾ?" ಎಂದಳು.

೩. ಎರಡು ದಿನ

ಪಕ್ಕದ ಮನೆಯ ಹಿರಿಯರು ಅರ್ಗಾ ಊರಿನವರು, ಬದುಕಿಡೀ ದೋಣಿ ಎಂಜಿನ್ ರಿಪೇರಿ ಮಾಡಿದವರು. ಗುರುವಾರ ಸುದ್ದಿ ಕೇಳಿ ತಾವೇ ಬಂದರು. ಸ್ಕ್ರೂಡ್ರೈವರಿನ ತುದಿಯನ್ನು ಸರ್ವರಿಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು.

"ತಮ್ಮಾ, ಟಕ್ ಟಕ್ ಅಂತದೆ. ಇದಿನ್ನು ಎರಡೇ ದಿನ."

ಅತ್ತೆಗೆ ಏನೆಂದು ಹೇಳಲಿ? ಸರ್ವರ್ ಬಂದ್ ಮಾಡಿದೆ. ಟಕ್ ಟಕ್ ನಿಲ್ಲಲಿಲ್ಲ. ಇಬ್ಬರೂ ತಲೆ ಎತ್ತಿದೆವು. ಗೋಡೆ ಗಡಿಯಾರ.

ಹಿರಿಯರು ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದರು. "ಹಾಗಾದ್ರೆ ಗಡಿಯಾರಕ್ಕೆ ಎರಡೇ ದಿನ."

೪. ಹಗ್ಗ

ಶುಕ್ರವಾರ ಧೈರ್ಯ ಮಾಡಿ ಡಿಸ್ಕ್ ಪರೀಕ್ಷಿಸಿದೆ. ಗಟ್ಟಿಮುಟ್ಟಾಗಿತ್ತು. ಆದರೆ ತಂತಿಯಲ್ಲಿ ದಾಟುವಾಗ ಮಾಹಿತಿ ಅರ್ಧಕ್ಕರ್ಧ ಹಾಳಾಗುತ್ತಿರುವುದು ಕಂಡಿತು. ಶನಿವಾರ ಬೆಳಿಗ್ಗೆ ತಂತಿಯ ಜಾಡು ಹಿಡಿದು ಹೊರಟೆ. ಅದು ಕಿಟಕಿಯಿಂದ ಹೊರಬಿದ್ದು, ಗೋಡೆ ಹತ್ತಿ, ತಾರಸಿ ದಾಟಿ ಮಹಡಿ ಕೋಣೆಗೆ ಹೋಗುತ್ತದೆ.

ತಾರಸಿಯಲ್ಲಿ ಅದು ಉಯ್ಯಾಲೆಯಂತೆ ಜೋತುಬಿದ್ದಿತ್ತು. ಉದ್ದಕ್ಕೂ ಉಪ್ಪು ಹಚ್ಚಿದ ಮೀನಿನ ಸೀಳುಗಳು. ಉಪ್ಪುನೀರು ಇಳಿದಿಳಿದು ತಂತಿಯ ಜೋಡಣೆ ಹಸಿರು ಕಿಲುಬು ಹಿಡಿದಿತ್ತು.

"ಅತ್ತೇ, ಇದು..."

"ಬಂದ ದಿನವೇ ನೋಡ್ದೆ. ನನಗೆ ಮೀನು ಒಣಗಿಸೂಕೆ ಅಳಿಯಂದ್ರು ಹಗ್ಗ ಕಟ್ಟಿಟ್ಟಿದ್ರು ಅಂತ ಊರಿಗೆಲ್ಲ ಫೋನ್ ಮಾಡಿ ಹೇಳ್ದೆ."

ಡಿಸ್ಕ್ ಸತ್ತಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ. ಅದು ಹಗ್ಗವಲ್ಲ ಎನ್ನುವ ಬದಲು ಪೇಟೆಗೆ ಹೋಗಿ ಹೊಸ ತಂತಿ ತಂದು ಮನೆಯೊಳಗಿಂದಲೇ ಎಳೆದೆ. ಹಗ್ಗ ಹಗ್ಗವಾಗಿಯೇ ಉಳಿಯಿತು.

ಎರಡೇ ನಿಮಿಷದಲ್ಲಿ ವಿಡಿಯೊ ಮೇಲೆ ಬಂತು. ಟೀವಿಯಲ್ಲಿ ಮಾವ ಊಟಕ್ಕೆ ಕೂತಿದ್ದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆಂಡತಿ ಅವರ ಕೈ ಹಿಡಿದಳು. ಮಾವ ನಿಧಾನಕ್ಕೆ ಒಂದು ತುತ್ತು ಅಗಿದು, ನಮ್ಮ ಕಡೆ ತಿರುಗಿದರು.

"ಇವತ್ತೂ ಮೀನಿಗೆ ಉಪ್ಪು ಜಾಸ್ತಿ."

ಅತ್ತೆ ಕಣ್ಣೊರೆಸಿಕೊಂಡರು. "ಇಷ್ಟು ಹೇಳೂಕೆ ಒಂದು ವಾರ ಕಾಯಿಸಿದ್ರಾ," ಎಂದು ಟೀವಿಯನ್ನೇ ಗದರಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಇನ್ನೊಂದ್ ಸಲ ಹಾಕಿ."