ಹಿತ್ತಿಲ ಹಲಗೆ ಕಟ್ಟೆಗೆ ನಾನು ಆರಿಸಿದ ಮರ

ನನ್ನ ಮೊಮ್ಮಗಳು ನಿನ್ನೆ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಐದು ತಿಂಗಳ ಕೂಸು. ಟೇಕಲ್ಲಿನಲ್ಲಿ ದೊಡ್ಡ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ಇಳಿದು, ಸಣ್ಣ ರೈಲಿಗೆ ಬದಲಾಯಿಸಿ, ಕೋಲಾರ ದಾಟಿ ಶ್ರೀನಿವಾಸಪುರದವರೆಗೂ ಒಂದು ಸಲವೂ ಅಳಲಿಲ್ಲವಂತೆ. ನಾನು ಎತ್ತಿಕೊಂಡ ಕೂಡಲೇ ಅತ್ತಳು. ತಾತನ ಗುರುತು ಹಿಡಿದು ಅತ್ತಳು ಎಂದು ನಾನು, ಮೀಸೆ ಚುಚ್ಚಿ ಅತ್ತಳು ಎಂದು ನನ್ನ ಹೆಂಡತಿ ನಾರಾಯಣಮ್ಮ. ಯಾವುದಾದರೂ ಆಗಲಿ, ಮಗು ಬಂದಿದೆ. ಎರಡು ವರ್ಷ ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತೀಡಿದ್ದು ಬಿಟ್ಟರೆ ನನಗೆ ಬೇರೆ ಓದಿಲ್ಲ. ಆದರೂ ಈ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಬರೆಯಲು ಕೂತಿದ್ದೇನೆ. ತಪ್ಪಿದ್ದರೆ ಓದುವವರು ಒತ್ತು, ಕೊಂಬು ಹಾಕಿಕೊಳ್ಳಬೇಕು.

ಮಗು ಬರುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಹಿತ್ತಿಲಿನಲ್ಲಿ ನಾಲ್ಕು ಮಾವಿನ ಮರ, ಮರದ ತುಂಬ ಕೆಂಜಿಗ. ಹಿಂದೊಂದು ಬೇಸಿಗೆಯಲ್ಲಿ ನಮ್ಮ ಬೀಗಿತ್ತಿ, ಎಂದರೆ ಸೊಸೆಯ ತಾಯಿ ಚೆನ್ನಮ್ಮನವರು, ಅಲ್ಲಿ ಚಾಪೆ ಹಾಕಿಕೊಂಡು ಕೂತು, ಎರಡು ನಿಮಿಷಕ್ಕೆ ಎದ್ದು, ಆಮೇಲೆ ಸಂಜೆಯವರೆಗೂ ಕೂರಲೇ ಇಲ್ಲ. ಅದನ್ನು ಅವರು ಮರೆತಿರಲಿಲ್ಲ. "ನಿಮ್ಮ ಹಿತ್ತಲಿರೋದು ಮನುಷ್ಯರಿಗಲ್ಲ, ಇರುವೆಗಳಿಗೆ. ಮಗು ನಡೆಯೋವರ್ಗೂ ಇಲ್ಲೇ ಇರ್ಲಿ" ಎಂದು ನನ್ನ ಮಗನ ಕೈಲಿ ಹೇಳಿ ಕಳಿಸಿದರು. ನಡೆಯುವವರೆಗೆ ಎಂದರೆ ಇನ್ನೂ ಏಳೆಂಟು ತಿಂಗಳು. ಅಷ್ಟು ದಿನ ನಾನು ಏನು ಮಾಡಲಿ? ಹಿತ್ತಿಲಿನಲ್ಲಿ ನೆಲದಿಂದ ಮೇಲೆ ಒಂದು ಹಲಗೆ ಕಟ್ಟೆ ಮಾಡಿಸುತ್ತೇನೆ, ಮಗುವಿಗೆ ಎಣ್ಣೆ ನೀವಿ ಎಳೆ ಬಿಸಿಲಿಗೆ ಮಲಗಿಸಬಹುದು, ನೀವೇ ಬಂದು ನೋಡಿ, ಸರಿಯಿಲ್ಲದಿದ್ದರೆ ಮಾರನೆಯ ದಿನದ ರೈಲಿಗೇ ಮಗುವನ್ನು ಕರೆದುಕೊಂಡು ಹೋಗಿ ಎಂದು ಮಾತು ಕಳಿಸಿದೆ. ಬರುವ ವಾರ ಮಗುವಿನ ಜೊತೆ ಬಂದು ನೋಡುತ್ತೇನೆ ಎಂದು ಅವರಿಂದ ಉತ್ತರ ಬಂತು.

ಮರ ತರಲು ನಾನೇ ಕೋಲಾರಕ್ಕೆ ಹೋದೆ. "ಆಚಾರೀನ ಜೊತೇಲಿ ಕರ್ಕೊಂಡು ಹೋಗ್ರೀ" ಎಂದು ನಾರಾಯಣಮ್ಮ ಹೇಳಿದಳು. ನನಗೆ ಆಚಾರಿ ಯಾಕೆ? ನಲವತ್ತು ವರ್ಷ ಮಾವಿನ ವ್ಯಾಪಾರ ಮಾಡಿದವನು. ಕಣ್ಣು ಮುಚ್ಚಿ ತೊಟ್ಟಿನ ಹತ್ತಿರ ಮೂಸಿದರೆ ರಸಪುರಿಯೋ ಬಾದಾಮಿಯೋ ಹೇಳುತ್ತೇನೆ, ಇನ್ನೆಷ್ಟು ದಿನಕ್ಕೆ ಹಣ್ಣಾಗುತ್ತದೆ ಎಂದೂ ಹೇಳುತ್ತೇನೆ. ಇದರಿಂದ ನನಗೊಂದು ಚಟ ಅಂಟಿದೆ. ಯಾವ ವಸ್ತು ಕೊಂಡರೂ ಮೊದಲು ಮೂಸುವುದು, ಆಮೇಲೆ ಹೆಬ್ಬೆರಳಿನಿಂದ ಒತ್ತುವುದು. ಹೋದ ವರ್ಷ ಕನ್ನಡಕ ಕೊಳ್ಳಲು ಹೋಗಿ ಅದನ್ನೂ ಮೂಸಿದ್ದೆ. ಅಂಗಡಿಯವನು, "ತಾತ, ಅದನ್ನ ಕಣ್ಣಿಗೆ ಹಾಕ್ಕೋಬೇಕು" ಎಂದಿದ್ದ.

ಮರದ ಅಂಗಡಿಯ ಖಾದರ್ ಸಾಬರು ಬಿಳಿ ಗಡ್ಡದ ಸಾವಧಾನದ ಮನುಷ್ಯ. ಮುಂದೆ ಒರಗಿಸಿದ್ದ ಹಲಗೆಗಳನ್ನು ತೋರಿಸಿದರು. "ಇದು ಮತ್ತಿ, ಅದು ಹೊನ್ನೆ. ಮಳೆ ಬಿಸಿಲು ಎರಡೂ ತಡೀತದೆ ಯಜಮಾನ್ರೇ" ಎಂದರು. ನಾನು ಒಳಗೊಳಗೇ ನಕ್ಕೆ. ಮಾವಿನ ಮಂಡಿಯಲ್ಲಿ ಮುಂದೆ ಜೋಡಿಸಿದ ಬುಟ್ಟಿ ದಾರಿಹೋಕರಿಗೆ. ಒಳ್ಳೆಯ ಮಾಲು ಹಿಂದೆ, ಮೂಲೆಯಲ್ಲಿ, ಗೋಣಿ ಹೊದ್ದುಕೊಂಡು, ಬೇಕಾದವರಿಗಾಗಿ ಕಾಯುತ್ತಿರುತ್ತದೆ. ನಾನೂ ನಲವತ್ತು ವರ್ಷ ಹಾಗೆಯೇ ಇಟ್ಟವನು. ಸೀದಾ ಹಿಂದಕ್ಕೆ ಹೋದೆ. ಗೋಡೆಯ ಪಕ್ಕದಲ್ಲಿ ಗೋಣಿ ಮುಚ್ಚಿದ ಒಂದು ರಾಶಿ ಇದ್ದೇ ಇತ್ತು. ಗೋಣಿ ಎತ್ತಿದೆ. ಅಗಲವಾದ ಹಲಗೆಗಳು, ನಡುನಡುವೆ ಕಪ್ಪು ಗೆರೆ.

"ಅರೇ, ಅದು ಬೇಡ ಯಜಮಾನ್ರೇ. ಅದು ಪೆಟ್ಟಿಗೆ ಮಾಡೋರಿಗೆ ಅಂತ ಇಟ್ಟಿರೋದು" ಎಂದರು ಸಾಬರು.

ಬೇಡ ಎಂದ ಕೂಡಲೇ ನನಗೆ ಆಸೆ ಹೆಚ್ಚಾಯಿತು. "ಯಾವ ಮರ ಅಂತ ನೀವು ಹೇಳ್ಬೇಡಿ, ನಾನೇ ಹೇಳ್ತೀನಿ" ಎಂದೆ. ಮೂಸಿದೆ, ಒತ್ತಿದೆ, ಬೆರಳಿನಿಂದ ತಟ್ಟಿ ಕಿವಿ ಇಟ್ಟೆ. ಯಾವುದೋ ಹಳೆಯ ಪರಿಚಯದ ವಾಸನೆ. ಮನಸ್ಸಿಗೆ ಬಹಳ ಹಿತವಾಯಿತು. ಇಷ್ಟು ಹಿತವಾದ ಮರ ಕೆಟ್ಟದ್ದಾಗಿರಲು ಸಾಧ್ಯವಿಲ್ಲ ಎನಿಸಿ, "ಇದೇ ನಿಜವಾದ ಹೊನ್ನೆ. ಆ ಕಪ್ಪು ಗೆರೆಯೇ ಚೇಗು" ಎಂದೆ. ಮರದ ಒಳಗಿನ ಗಟ್ಟಿ ಭಾಗಕ್ಕೆ ಚೇಗು ಎನ್ನುತ್ತಾರೆ ಎಂಬುದು ಮಾತ್ರ ನನಗೆ ಗೊತ್ತಿತ್ತು. ಸಾಬರು ಗಡ್ಡ ನೀವಿಕೊಂಡು ನನ್ನ ಮುಖವನ್ನೇ ನೋಡಿದರು. "ಹೊರಗೆ ಹಾಕೋಕೆ ಬರೋದಿಲ್ಲ, ನನ್ನ ಮಾತು ಕೇಳಿ" ಎಂದು ಇನ್ನೊಮ್ಮೆ ಹೇಳಿದರು. ಪಾಪ, ಎಷ್ಟು ಕಷ್ಟಪಟ್ಟು ಬಚ್ಚಿಡುತ್ತಿದ್ದಾರೆ ಎಂದುಕೊಂಡು ಎಲ್ಲವನ್ನೂ ಗಾಡಿಗೆ ಹೇರಿಸಿದೆ. ಊರಿಗೆ ಬರುವಾಗ ದಾರಿಯುದ್ದಕ್ಕೂ ಹಲಗೆಗಳ ಮೇಲೆಯೇ ರಾಜನಂತೆ ಕೂತಿದ್ದೆ.

ಮಾರನೆಯ ದಿನ ವೀರಾಚಾರಿ ಬಂದ. ನಮ್ಮ ಮನೆಯ ಬಾಗಿಲು, ತೊಟ್ಟಿಲು ಎಲ್ಲ ಅವನ ಕೈಕೆಲಸವೇ. ಒಂದು ಹಲಗೆಗೆ ಉಜ್ಜುಗೊರಡು ಹಾಕಿ ಎರಡು ಸಲ ಎಳೆದು, ಸುರುಳಿಯಾಗಿ ಬಂದ ಸಿಪ್ಪೆಯನ್ನು ನೋಡಿ, ತಲೆ ಎತ್ತಿ ಹಿತ್ತಿಲಿನ ಮರಗಳನ್ನು ನೋಡಿ, ಮತ್ತೆ ಸಿಪ್ಪೆ ನೋಡಿದ. ಸಂಕಟವಾದಾಗ ಅವನಿಗೆ ತೆಲುಗೇ ಬರುವುದು. "ಇದಿ ಮನ ಮಾಮಿಡಿ ಚೆಕ್ಕೇ ಗದಾ ಸ್ವಾಮೀ" ಎಂದ. ನಮ್ಮ ಮಾವಿನ ಹಲಗೆಯೇ ಅಲ್ಲವೇ ಇದು ಎಂದು.

ನಾರಾಯಣಮ್ಮ ಬಟ್ಟೆ ಒಣಹಾಕುತ್ತಿದ್ದವಳು ಹಾಗೆಯೇ ನಿಂತಳು. "ಮನೆ ಹಿಂದೆ ನಾಲ್ಕು ನಿಂತಿದ್ದಾವೆ. ಇದನ್ನ ತರೋಕೆ ಕೋಲಾರಕ್ಕೆ ಹೋಗಿದ್ರಾ?" ಎಂದಳು.

"ಹಣ್ಣು ಬೇರೆ, ಮರ ಬೇರೆ ಕಣೇ" ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ಇವತ್ತಿನವರೆಗೂ ಹೊಳೆದಿಲ್ಲ.

ಆದರೆ ನಗುವ ಹೊತ್ತು ಅದಲ್ಲ. ಚೆನ್ನಮ್ಮನವರು ಬರಲು ಉಳಿದಿದ್ದದ್ದು ಆರೇ ದಿನ. ಬೇರೆ ಮರ ತಂದು, ಕೊಯ್ದು, ಕೂರಿಸಲು ಸಮಯವಿರಲಿಲ್ಲ. ಮೊಮ್ಮಗಳನ್ನು ಬರಮಾಡಿಕೊಂಡು ಮಾರನೆಯ ದಿನವೇ ಸ್ಟೇಷನ್ನಿಗೆ ಬಿಟ್ಟುಬರುವ ಚಿತ್ರ ಕಣ್ಣ ಮುಂದೆ ಬಂದು ನಾನು ಜಗಲಿಯ ಮೇಲೆ ಕೂತುಬಿಟ್ಟೆ. ನನ್ನ ಮುಖ ನೋಡಿ ಇಬ್ಬರಿಗೂ ಕರುಣೆ ಬಂದಿರಬೇಕು. "ಹುಳ ಬೀಳೋ ಮರ ನಿಜ. ಹೊಂಗೆ ಎಣ್ಣೆ ಮೂರು ಸಲ ಕುಡಿಸಿದ್ರೆ ಎರಡು ಮೂರು ವರ್ಷಕ್ಕೆ ಮೋಸವಿಲ್ಲ. ಕಾಲು ಮಾತ್ರ ಮರದ್ದು ಬೇಡ, ಕಲ್ಲಿನದು ಹಾಕಿಸಿ" ಎಂದ ವೀರಾಚಾರಿ. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ? ಕೆಂಜಿಗದ ಉಪಾಯ ನಾರಾಯಣಮ್ಮನದು. ಅಡುಗೆಮನೆಯ ಬೀರುವಿನ ಕಾಲುಗಳನ್ನು ಅವಳು ನೀರಿನ ಬಟ್ಟಲಲ್ಲಿ ನಿಲ್ಲಿಸುವುದನ್ನು ನಾನು ದಿನವೂ ನೋಡುತ್ತಿದ್ದೆ, ತಲೆಗೆ ಹೋಗಿರಲಿಲ್ಲ. ನೆರೆಮನೆಗಳಲ್ಲಿ ಕೇಳಿ ನಾಲ್ಕು ಹಳೆಯ ಒರಳುಕಲ್ಲು ಉರುಳಿಸಿಕೊಂಡು ಬಂದಳು. ಒಂದೊಂದು ಒರಳಿನ ಗುಂಡಿಯಲ್ಲಿ ಒಂದೊಂದು ಕಲ್ಲಿನ ಕಾಲು, ಸುತ್ತ ನೀರು, ಮೇಲೆ ಹಲಗೆ. ಎಣ್ಣೆ ಹಚ್ಚುವ ಕೆಲಸ ನನ್ನದು. ಮೂರು ದಿನ ಮೈಯೆಲ್ಲ ಹೊಂಗೆಯ ವಾಸನೆ.

ನಿನ್ನೆ ಚೆನ್ನಮ್ಮನವರು ಇಳಿದವರೇ ಕೈಕಾಲು ತೊಳೆಯುವ ಮೊದಲು ಹಿತ್ತಿಲಿಗೆ ನಡೆದರು. ಕಟ್ಟೆಯನ್ನು ಕೈಯಿಂದ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಒರಳುಗಳಿಗೆ ಬಗ್ಗಿ ನೋಡಿದರು. ನೀರಿನಾಚೆ ಎರಡು ಕೆಂಜಿಗ ನಿಂತು ಯೋಚನೆ ಮಾಡುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗಿ, "ಯಾವ ಮರ ಬೀಗರೇ?" ಎಂದರು. ಹೊನ್ನೆ ಎನ್ನಲು ಬಾಯಿ ತೆರೆದೆ. ಸೊಸೆಯ ತೋಳಿನಲ್ಲಿದ್ದ ಮಗು ನನ್ನನ್ನೇ ನೋಡುತ್ತಿತ್ತು. ಮೊದಲ ದಿನವೇ ಅದರ ಎದುರಿಗೆ ಸುಳ್ಳು ಬರಲಿಲ್ಲ. "ಮಾವು" ಎಂದೆ.

ಚೆನ್ನಮ್ಮನವರು ಹಲಗೆಯನ್ನು ಒಮ್ಮೆ ಸವರಿ, ಎಲ್ಲರ ಕಡೆ ತಿರುಗಿದರು. "ನೋಡಿದ್ರಾ, ದೊಡ್ಡೋರು ಅನ್ನೋದು ಇದಕ್ಕೆ. ಬೇರೆ ಯಾರಾದ್ರೂ ಆಗಿದ್ರೆ ಹೊನ್ನೆ ಹಾಕ್ಸೋರು. ತೋರಣಕ್ಕೂ ಹೋಮಕ್ಕೂ ಮಾವೇ ಆಗ್ಬೇಕು ಅಂತ ಇವ್ರು ಮಗೂಗೆ ಶುಭದ ಮರವೇ ಹುಡುಕಿದ್ದಾರೆ" ಎಂದು ಮಗುವನ್ನು ತೆಗೆದುಕೊಂಡು ಹಲಗೆಯ ಮೇಲೆ ಮಲಗಿಸಿದರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು.

ಸಂಜೆ ಎಲ್ಲರೂ ಕಟ್ಟೆಯ ಮೇಲೆಯೇ ಎಲೆ ಹಾಕಿಕೊಂಡು ಕೂತೆವು. ನಾನು, ಮಗ, ಸೊಸೆ, ಚೆನ್ನಮ್ಮನವರು, ನಡುವೆ ಮಗು. ಬಡಿಸಿ ಮುಗಿಸಿದ ನಾರಾಯಣಮ್ಮನನ್ನೂ ಬಲವಂತವಾಗಿ ಕೂರಿಸಿದೆವು. ಹಲಗೆ ಒಂದು ಸಲವೂ ಕಿರುಗುಟ್ಟಲಿಲ್ಲ. ಅವರೆಕಾಳಿನ ಸಾರಿಗೆ ಮುದ್ದೆ ಮುರಿದುಕೊಳ್ಳುತ್ತ ಚೆನ್ನಮ್ಮನವರು, "ನಾಳೆ ರೈಲಿಗೆ ನಾನೊಬ್ಳೇ ಹೋಗ್ತೀನಿ. ಮಗು ಇಲ್ಲಿರ್ಲಿ" ಎಂದರು. ನಾನು ಎಡಗೈಯಿಂದ ಮಗುವಿನ ಪಾದ ಹಿಡಿದುಕೊಂಡೆ. ಅವರೇ ಮುಂದುವರಿಸಿದರು: "ಬೀಗರೇ, ಟೇಕಲ್‌ನಲ್ಲಿ ನಾವೂ ಹೊಸ ಬಾಗಿಲು ಇಡಿಸ್ಬೇಕು. ಮರದ ಗುಣ ನಮಗೆ ತಿಳಿಯೋದಿಲ್ಲ. ನೀವು ಬಂದು ಆರ್ಸಿ ಕೊಡ್ಬೇಕು."

ನಾರಾಯಣಮ್ಮನಿಗೆ ಸಾರು ನೆತ್ತಿಗೆ ಹತ್ತಿತು. ಮಗ ಅವಳಿಗೆ ನೀರು ಕೊಟ್ಟ. ನಾನು ಮುದ್ದೆ ನುಂಗಿ, ಮೀಸೆ ಒರೆಸಿಕೊಂಡು, "ಅದಕ್ಕೇನಂತೆ, ಬರ್ತೀನಿ" ಎಂದೆ.