ಬಣ್ಣ ಒಣಗುವ ತನಕ ಬಳ್ಳಿಗಾವಿ

ನನಗೆ ಒಂದು ಕಡೆ ನಿಲ್ಲಲು ಬರುವುದಿಲ್ಲ. ಇದು ಕಾಲಿನ ದೋಷವೋ ತಲೆಯದೋ, ಇನ್ನೂ ತೀರ್ಮಾನವಾಗಿಲ್ಲ. ಪಂಕ್ತಿಯಲ್ಲಿ ಪಕ್ಕದವರಿಗೆ ಸಾರು ಬರುವಷ್ಟರಲ್ಲಿ ನಾನು ಮಜ್ಜಿಗೆಗೆ ಕೈಯೊಡ್ಡಿರುತ್ತೇನೆ. "ತಾಳಿ ಕಟ್ಟಿದ್ದೇ ಚಪ್ಪಲಿ ಹುಡುಕಕ್ಕೆ ಹೋದೋರು ನೀವು" ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ. ಇಂಥವನಿಗೆ ಇನ್ನೊಬ್ಬರನ್ನು ನಾಲ್ಕು ತಾಸು ಹಿಡಿದು ನಿಲ್ಲಿಸುವ ಕೆಲಸ ಗಂಟುಬಿತ್ತೆಂದರೆ ನನ್ನ ಗ್ರಹಚಾರ ನೀವೇ ಊಹಿಸಿ.

ಸೊರಬ ತಾಲ್ಲೂಕಿನ ಒಂದು ಸಣ್ಣ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ನಮ್ಮ ವಿಭಾಗ ಇರಬೇಕೋ ಮುಚ್ಚಬೇಕೋ ಎಂದು ನೋಡಲು ಧಾರವಾಡ ಕಡೆಯ ಒಬ್ಬ ಮೇಡಂ ಬರುವವರಿದ್ದರು. ಮುಚ್ಚಿದರೆ ಈ ವಯಸ್ಸಿನಲ್ಲಿ ನನ್ನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಎಂಬ ಹೆದರಿಕೆಗೆ ವಾರದಿಂದ ಊಟ ಸೇರಿರಲಿಲ್ಲ. ಅವತ್ತು ಬೆಳಿಗ್ಗೆ ಪ್ರಿನ್ಸಿಪಾಲರ ಫೋನು. "ಲೈಬ್ರರಿ ಪೇಂಟ್ ಇನ್ನೂ ಹಸಿ ಐತ್ರಿ. ಪುಸ್ತಕ ಎಲ್ಲಾ ವರಾಂಡದಾಗೆ ಬಿದ್ದಾವೆ. ಮೇಡಂ ಆಗಲೇ ಶಿಕಾರಿಪುರ ಬಿಟ್ರಂತೆ. ನೀವು ಬಳ್ಳಿಗಾವಿ ತೋರಿಸ್ತೀನಿ ಅಂತ ಹೆಂಗಾರ ಮಾಡಿ ಮಧ್ಯಾಹ್ನದ ತನಕ ಅಲ್ಲೇ ಹಿಡ್ಕಳಿ ಮಾರಾಯ್ರೆ!"

ಬೈಕು ಹತ್ತಿ ಹೋಗಿ ಮೇಡಂ ಕಾರನ್ನು ಬಳ್ಳಿಗಾವಿಗೆ ತಿರುಗಿಸಿದೆ. ಒಂದು ಕಾಲಕ್ಕೆ ವಿಶ್ವವಿದ್ಯಾಲಯವೇ ಇದ್ದ ಊರು. ಗುಡಿ, ಮಠ, ಶಾಸನ ಎಂದು ಸಂಜೆಯವರೆಗೂ ಎಳೆಯಬಹುದು ಎಂಬ ಧೈರ್ಯವಿತ್ತು. ಆದರೆ ಮೇಡಂ ಗಣಿತದವರು, ನಡಿಗೆಯಲ್ಲಿ ನನಗಿಂತ ಜೋರು. ಭೇರುಂಡೇಶ್ವರನ ಕಂಬವನ್ನು ಕೆಳಗಿಂದ ಮೇಲಕ್ಕೆ ಒಮ್ಮೆ ನೋಡಿ, "ಛಲೋ ಐತ್ರಿ. ಮುಂದ?" ಎಂದರು. ತ್ರಿಪುರಾಂತಕ ಗುಡಿಯ ಜಾಲಂಧ್ರದ ಮುಂದೆ ನಿಂತು ಆ ಕಲ್ಲುಜಾಲರಿಯ ಬಳ್ಳಿ ಬಳ್ಳಿಯನ್ನೂ ಬೆರಳಿಟ್ಟು ವಿವರಿಸಿದೆ. ಅಷ್ಟರಲ್ಲಿ ಅವರು ಗುಡಿ ಸುತ್ತಿ ಬಂದು ಕಾರಿನ ಬಾಗಿಲಿಗೆ ಕೈಹಾಕಿದ್ದರು. ಅತ್ತ ಪ್ರಿನ್ಸಿಪಾಲರು ಮತ್ತೆ ಫೋನಿನಲ್ಲಿ, "ಗೋಡೆ ಮುಟ್ಟಿ ನೋಡ್ದೆ ಕಣ್ರಿ, ಕೈಗೆ ಹತ್ತುತ್ತೆ!"

ಕೊನೆಗೆ ಉಳಿದದ್ದು ಕೇದಾರೇಶ್ವರ. ಇನ್ನು ನನ್ನ ಕಥೆ ಮುಗಿಯಿತೆಂದು ಕಲ್ಲುಕಟ್ಟೆಯ ಮೇಲೆ ಕುಸಿದು ಕೂತೆ. ಕೂತವನೇ ಇಲ್ಲಿದ್ದ ಕೋಡಿಮಠದ ಮಾತು ತೆಗೆದೆ. ಎಲ್ಲೆಲ್ಲಿಂದಲೋ ನಡೆದು ಬಂದವರಿಗೆ ಪಾಠವಿತ್ತು, ಹಸಿದವರಿಗೆ ಊಟವಿತ್ತು, ಕಾಯಿಲೆಯವರಿಗೆ ಔಷಧಿಯಿತ್ತು, ಯಾರನ್ನೂ ತಿರುಗಿ ಕಳಿಸುತ್ತಿರಲಿಲ್ಲ ಎಂದು ಶಾಸನ ಹೇಳುತ್ತದೆ ಮೇಡಂ ಎಂದೆ. ಹೇಳುತ್ತಾ ಹೇಳುತ್ತಾ ಬಣ್ಣವೂ ಮರೆತುಹೋಯಿತು. ಕೂತ ಕಲ್ಲನ್ನು ಅಂಗೈಯಿಂದ ತಟ್ಟಿದೆ. "ನಮ್ಮ ಒಂದೊಂದು ಮಗುವೂ ಬಂದು ಈ ಕಲ್ಲಿನ ಮೇಲೆ ಕೂರಬೇಕು ಮೇಡಂ! ಆಗ ಗೊತ್ತಾಗುತ್ತೆ ಇತಿಹಾಸ ಏನಂತ!"

ಮೇಡಂ ಸೆರಗು ಸರಿಮಾಡಿಕೊಂಡು ಪಕ್ಕದಲ್ಲೇ ಕೂತರು. "ಹೇಳ್ರಿ, ಹೇಳ್ರಿ" ಎಂದರು. ಎದ್ದಾಗ ಊಟದ ಹೊತ್ತು ಮೀರಿತ್ತು. ಅಷ್ಟು ಹೊತ್ತು ನಾನು ಕಾಲು ಕೂಡ ಅಲ್ಲಾಡಿಸಿರಲಿಲ್ಲ.

ಕಾಲೇಜಿಗೆ ಬಂದರೆ ಗೋಡೆ ಒಣಗಿದೆ, ಪುಸ್ತಕಗಳು ಕಪಾಟು ಸೇರಿವೆ, ಪ್ರಿನ್ಸಿಪಾಲರ ಮುಖದಲ್ಲಿ ಕಳೆ ಬಂದಿದೆ. ಮೇಡಂ ಲೈಬ್ರರಿಯ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ತರಗತಿಗೆ ನಡೆದರು. "ಬಳ್ಳಿಗಾವಿ ಯಾರ್‍ಯಾರು ನೋಡೀರಿ? ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ಕುಪ್ಪಗಡ್ಡೆಯ ಹುಡುಗಿ ಎದ್ದು ನಿಂತಳು. ಜಾಣೆ, ಸುಳ್ಳು ಹೇಳುವವಳಲ್ಲ. "ಕರ್ಕೊಂಡು ಹೋಗಿ ಅಂತ ನಾವು ಎರಡು ಸಲ ಕೇಳಿದ್ವಿ ಮೇಡಂ. ಅದು ಪರೀಕ್ಷೆಗೆ ಬರಲ್ಲ, ಸುಮ್ನೆ ಒಂದು ದಿನ ಹಾಳು ಅಂದ್ರು ಸರ್."

ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಮೇಡಂ ನನ್ನನ್ನು ನೋಡಲಿಲ್ಲ, ಪುಣ್ಯಕ್ಕೆ. ತಲೆ ಬಗ್ಗಿಸಿ ಏನೋ ಬರೆದುಕೊಂಡರು.

ತಿಂಗಳ ಮೇಲೆ ವರದಿ ಬಂತು. ವಿಭಾಗ ಉಳಿಯಿತು. ಪ್ರಿನ್ಸಿಪಾಲರು ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದವರು ಕೊನೆಗೆ ಬಂದಾಗ ದನಿ ತಗ್ಗಿಸಿ, ಕಾಗದವನ್ನು ನನ್ನ ಕೈಗೇ ಕೊಟ್ಟರು. "ಇತಿಹಾಸದ ಅಧ್ಯಾಪಕರು ಅತಿಥಿಗಳಿಗೆ ಬಹಳ ಚೆನ್ನಾಗಿ ಪಾಠ ಮಾಡುತ್ತಾರೆ. ವಿದ್ಯಾರ್ಥಿಗಳಿಗೂ ಮಾಡಬಹುದು."